ಯಾರ ಹೊಲದ ಪುಂಡಿಪಲ್ಲೆ

ನನ್ನ ಬೈಕಿನ ಕ್ಯಾರಿಯರಿಗೆ ಹಳೆಯ ಟ್ಯೂಬನ್ನು ಉದ್ದಕ್ಕೆ ಕೊಯ್ದು ಮಾಡಿದ ಒಂದು ರಬ್ಬರ್ ಪಟ್ಟಿ ಜೋತುಬಿದ್ದಿದೆ. ಕಟ್ಟಲು ಏನೂ ಇಲ್ಲದ ದಿನ ಅದು ನಂಬರ್ ಪ್ಲೇಟಿಗೆ ಬಡಿದು ಪಟಪಟ ಅನ್ನುತ್ತಿರುತ್ತದೆ. ಗ್ಯಾರೇಜಿನವನು ಪ್ರತಿಸಲ ಕತ್ತರಿ ಹಿಡಿದು ಬರುತ್ತಾನೆ, ನಾನು ಪ್ರತಿಸಲ ಅಡ್ಡ ಹೋಗುತ್ತೇನೆ. "ಇದರಾಗೇನ ಬಂಗಾರ ಐತೇನ್ರಿ ಸರ?" ಎಂದು ಮೊನ್ನೆ ಕೇಳಿದ. ಅದರಿಂದ ಬುತ್ತಿ ಕಟ್ಟುತ್ತಿದ್ದೆವಪ್ಪಾ ಎಂದೆ. ಯಾರ ಬುತ್ತಿ, ಎಲ್ಲಿಗೆ ಎಂದು ಅವನು ಕೇಳಲಿಲ್ಲ. ನೀವು ಕೇಳುತ್ತೀರೆಂದು ತಿಳಿದು ಹೇಳುತ್ತೇನೆ.

ಹೇಳುವ ಮೊದಲೇ ತಿಳಿಸಿಬಿಡುವುದು ಒಳ್ಳೆಯದು: ನನ್ನ ನೆನಪನ್ನು ಪೂರ್ತಿ ನಂಬಬೇಡಿ. ನಾನೇ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಹೇಳಿದ್ದನ್ನು ನಂಬುವ ಮುಂಚೆ ಹೇಳಿದವನು ಯಾರು, ಯಾಕೆ ಹೇಳಿದ ಎಂದು ನೋಡು ಅಂತ ಅಲ್ಲಿ ಕಲಿಸಿದರು. ಈ ವಿದ್ಯೆಯನ್ನು ಸತ್ತ ರಾಜರ ಮೇಲೆ ಪ್ರಯೋಗಿಸಿ ಸುಮ್ಮನಿರಬೇಕಿತ್ತು. ನಾನು ಅದನ್ನು ನನ್ನ ಮೇಲೇ ಪ್ರಯೋಗಿಸಿಕೊಂಡು ಕೆಟ್ಟೆ. ಗೆಳೆಯರು ನನಗೆ ಇಟ್ಟ ಹೆಸರು 'ಪುರಾವಿ'. ಯಾರು ಏನು ಹೇಳಿದರೂ ಪುರಾವೆ ಕೇಳುತ್ತೇನಂತೆ.

ಕೇಳದೆ ಏನು ಮಾಡಲಿ? ಚಿಕ್ಕವನಿದ್ದಾಗ ಎಳ್ಳ ಅಮಾವಾಸ್ಯೆಗೆ ಚಕ್ಕಡಿಯಲ್ಲಿ ಹೊಲಕ್ಕೆ ಹೋಗಿದ್ದು ನನ್ನ ಕಣ್ಣಲ್ಲಿ ಚಿತ್ರದ ಹಾಗೆ ನಿಂತಿದೆ. ಅವ್ವ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಬಿಳಿ ಎತ್ತಿನ ಕೊಂಬಿಗೆ ಕೆಂಪು ರಿಬ್ಬನ್ನು. ಅಪ್ಪ ಎದೆಮಟ್ಟದ ಜೋಳದ ನಡುವೆ 'ಹುಲ್ಲುಲ್ಲಿಗೋ' ಎಂದು ಕೂಗುತ್ತ ಭೂಮಿಗೆ ಎಡೆ ಚೆಲ್ಲುತ್ತ ಹೋದರೆ, ಹಿಂದಿನಿಂದ ತಂಬಿಗೆಯ ನೀರು ಬಿಡುತ್ತ ಅದಕ್ಕೆ ದನಿಗೂಡಿಸುತ್ತಿದ್ದವನು ನಾನು. ಒಮ್ಮೆ ಅಣ್ಣನ ಮುಂದೆ ಇದನ್ನು ಬಣ್ಣಿಸಿದೆ. ಅವನು ಎಲೆ-ಅಡಿಕೆ ಅಗಿಯುವುದನ್ನು ನಿಲ್ಲಿಸಿ, "ಬಿಳಿ ಎತ್ತ ನೀ ಹುಟ್ಟೂದಕ್ಕಿಂತ ಮೊದಲಽ ಮಾರಿದ್ದು. ನೀರ ಬಿಡತಿದ್ದವ ನಾನು. ನೀ ಚಕ್ಕಡ್ಯಾಗ ಮಕ್ಕೊಂಡಿದ್ದಿ, ಅದೂ ಉಚ್ಚಿ ಹೊಯ್ಕೊಂಡು" ಅಂದ. ನನ್ನ ಬಾಲ್ಯದ ಅತ್ಯುತ್ತಮ ದಿನ ಬೇರೆಯವರದಾಗಿತ್ತು. ಅಂದಿನಿಂದ ಸಿಹಿಯಾದ ನೆನಪು ಬಂದರೆ ಮೊದಲು ಅದರ ಬೆನ್ನು ತಿರುಗಿಸಿ ನೋಡುತ್ತೇನೆ.

ಆ ಹಬ್ಬಕ್ಕೆ ನಮ್ಮ ಕರಿಮಣ್ಣಿನ ಎರಿ ಸೀಮೆಯಲ್ಲಿ ಚರಗ ಅನ್ನುತ್ತಾರೆ. ಬೆಳೆ ತುಂಬಿನಿಂತ ಭೂಮಿ ಬಸುರಿಯಂತೆ. ಅವಳಿಗೆ ಉಣಿಸಿ ನಾವು ಉಣ್ಣಬೇಕು. ಊರಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ, ಮಂದಿಯೆಲ್ಲ ಹೊಲದಲ್ಲಿರುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಕಡುಬು, ಶೇಂಗಾ ಹೋಳಿಗೆ, ಗುರೆಳ್ಳು ಹಿಂಡಿ ಎಲ್ಲ ಬುಟ್ಟಿಗಳಲ್ಲಿ ಬರುತ್ತದೆ. ದಾರಿಯಲ್ಲಿ ಹೋಗುವವರನ್ನು ಕರೆಯದೆ ಯಾರೂ ಉಣ್ಣಲು ಕೂಡುವುದಿಲ್ಲ. ಆ ಕರೆಯನ್ನು ನಂಬಿಕೊಂಡೇ ನಾವು ನಾಲ್ವರು ಗೆಳೆಯರು ಪ್ರತಿವರ್ಷ ಆ ದಿನ ಧಾರವಾಡದಿಂದ ಬೈಕ್ ಹತ್ತುತ್ತಿದ್ದೆವು.

ಬಸಣ್ಣ ಹೈಸ್ಕೂಲಿನ ಡ್ರಿಲ್ ಮಾಸ್ತರ, ಸವಾರಿಯ ಮುಖ್ಯಸ್ಥ. ಕೊರಳಲ್ಲಿ ಸೀಟಿ ಇರುತ್ತಿತ್ತು. ಒಂದು ಸೀಟಿಗೆ ನಿಲ್ಲಬೇಕು, ಉದ್ದನೆಯದಕ್ಕೆ ಚಹಾ. ಬೀಜ-ಗೊಬ್ಬರದ ಅಂಗಡಿಯ ಶಿವಾನಂದ, "ಲೇ ಬಸ್ಯಾ, ನಾವೇನ ನಿನ್ನ ಸಾಲಿ ಹುಡುಗರೇನಲೇ?" ಎಂದು ರೇಗಿದರೆ, "ಅಲ್ಲಪಾ. ಅವು ಹೇಳಿದ್ದ ಕೇಳತಾವು" ಎನ್ನುತ್ತಿದ್ದ. ನಾಲ್ಕನೆಯವನು ಬ್ಯಾಂಕಿನ ಗೌತಮ, ಕಡಿಮೆ ಮಾತಿನವನು. ದೊಡ್ಡ ರಸ್ತೆಯನ್ನು ಆದಷ್ಟು ಬಿಟ್ಟು, ಅಣ್ಣಿಗೇರಿ, ನವಲಗುಂದ, ತಿರ್ಲಾಪುರ, ಮೊರಬ ಎಂದು ಒಳದಾರಿ ಹಿಡಿದು ಸುತ್ತುತ್ತಿದ್ದೆವು. ಆ ದಿನಗಳಲ್ಲಿ ನಮ್ಮ ಕರಿ ನೆಲ ಇರುವಷ್ಟು ಚೆಂದ ಮತ್ತೆ ಯಾವಾಗಲೂ ಇರುವುದಿಲ್ಲ. ಕುಸುಬೆಯ ಹಳದಿ, ಅರಳಿದ ಹತ್ತಿಯ ಬಿಳುಪು, ಕಡಲೆಯ ಹಸಿರು ಮುಗಿಲಿನವರೆಗೆ. ಬೆಣ್ಣಿಹಳ್ಳದ ಸೇತುವೆ ಮೇಲೆ ನಿಂತು ಸುಮ್ಮನೆ ನೋಡುತ್ತಿದ್ದೆವು. ಬಸಣ್ಣನ ಬೈಕಿಗೆ ಅವನ ಹೆಂಡತಿ ಶಾಂತಾ ವೈನಿ ನಾಲ್ವರಿಗೂ ಸಾಕಾಗುವ ಬುತ್ತಿ ಕಟ್ಟಿರುತ್ತಿದ್ದರು. ಅದರ ಭಾರಕ್ಕೆ ಅವನ ಕ್ಯಾರಿಯರ್ ಮುರಿದ ವರ್ಷ ಬುತ್ತಿ ನನ್ನ ಬೈಕಿಗೆ ವರ್ಗವಾಗಿ, ಈ ಪಟ್ಟಿ ಬಂತು.

ಉಣ್ಣುವುದು ಯಾರದೋ ಹೊಲದಲ್ಲಿ ಅಂದಮೇಲೆ ಬುತ್ತಿ ಯಾಕೆ ಎಂದು ಕೇಳಬಹುದು. ಇನ್ನೊಬ್ಬರ ಹೊಲಕ್ಕೆ ಬರಿಗೈಲಿ ಹೋಗಬಾರದು ಎನ್ನುವುದು ವೈನಿಯ ಮಾತು. ಬಸಣ್ಣ ಅದಕ್ಕೊಂದು ನಿಯಮವನ್ನೇ ಮಾಡಿದ, ಮತ್ತು ಆ ನಿಯಮ ಹುಟ್ಟಿದ್ದು ಗೌತಮನಿಂದ. ಶುರುವಿನ ಒಂದು ವರ್ಷ ನಮ್ಮನ್ನು ಕರೆದ ಹೊಲದ ಅಜ್ಜ, ಎಲೆ ಹಾಕುವ ಮುಂಚೆ ಒಬ್ಬೊಬ್ಬರ ಮನೆತನ ವಿಚಾರಿಸತೊಡಗಿದ. ಗೌತಮನ ಸರದಿ ಬಂತು. ಅವನ ಮನೆಯವರು ಬುದ್ಧನ ದಾರಿ ಹಿಡಿದವರು. ಹಾಗೆಂದರೆ ಅದರ ಹಿಂದೆ ಯಾವ ಪ್ರಶ್ನೆ ಬರುತ್ತದೆಂದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಅವನು ಬಾಯಿ ತೆರೆಯುವುದರೊಳಗೆ ಬಸಣ್ಣ ನಮ್ಮ ಡಬ್ಬಿಗಳನ್ನೆಲ್ಲ ಬಿಚ್ಚಿ ಅವರ ಬೋಗುಣಿಗಳಿಗೆ ಸುರಿದುಬಿಟ್ಟ, ಪಲ್ಲೆಗೆ ಪಲ್ಲೆ, ಮೊಸರಿಗೆ ಮೊಸರು. "ಈಗ ಹೇಳ್ರಿ ಅಜ್ಜಾರ, ಇದರಾಗ ಯಾರದು ಯಾವುದು?" ಅಜ್ಜ ಬೆಪ್ಪಾದ, ಆಮೇಲೆ ನಕ್ಕ ಎಂದು ನನ್ನ ನೆನಪು. ನಗಲಿಲ್ಲ, ಎದ್ದು ಹೋಗಿ ದೂರ ಕೂತು ಉಂಡ ಎಂದು ಗೌತಮನ ನೆನಪು. ಈ ಒಂದು ವಿಷಯದಲ್ಲಿ ಗೌತಮನ ನೆನಪೇ ಖರೆ ಇರಬೇಕು. ಅಂಥದ್ದನ್ನು ಮರೆಯುವ ಅನುಕೂಲ ಅವನಿಗಿಲ್ಲ.

ಅಂದಿನಿಂದ, ಯಾವ ಹೊಲಕ್ಕೆ ಹೋದರೂ ಮೊದಲು ಬುತ್ತಿ ಸುರಿಯುವುದು, ಆಮೇಲೆ ಹೆಸರು ಹೇಳುವುದು ಎಂದಾಯಿತು. ಈ ಸಂಗತಿಯನ್ನು ಬಸಣ್ಣ ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಯಾಕೆ ಎಂದೂ ಹೇಳಬೇಕಲ್ಲ.

ಮನೆಯಲ್ಲಿ ಅವನು ಹೇಳುತ್ತಿದ್ದುದು ಬೇರೆ. ಯಾವುದೋ ಒಂದು ವರ್ಷ ಮನೆಗೆ ಹೋಗಿ, "ಏ ಶಾಂತಾ, ಇವತ್ತ ಒಂದ ಹೊಲದಾಗ ಪುಂಡಿಪಲ್ಲೆ ತಿಂದೆ ನೋಡು, ಹುಣಸಿಗಿಡದ ಬುಡಕ ಕುಂತು. ಅಂಥಾ ಕೈ ನಾ ಎಲ್ಲೂ ಕಂಡಿಲ್ಲ" ಅಂದನಂತೆ. ಆಮೇಲೆ ಮನೆಯಲ್ಲಿ ಪುಂಡಿಪಲ್ಲೆ ಆದಾಗಲೆಲ್ಲ ಈ ಮಾತು ಬರುತ್ತಿತ್ತು. ಹುಳಿಸೊಪ್ಪು, ಜೋಳದ ನುಚ್ಚು, ಬೆಳ್ಳುಳ್ಳಿ, ಅದರಲ್ಲಿ ಅಂಥ ವಿದ್ಯೆ ಏನಿದೆ ಎಂದು ವೈನಿ ಮೊದಮೊದಲು ನಕ್ಕರು. ಆಮೇಲೆ ಸಿಟ್ಟಿಗೆದ್ದರು. "ಹಂಗಾರ ಆಕಿ ಕಡೇನಽ ಹೋಗಿ ಉಂಡ ಬರ್ರಿ" ಎಂದು ಒಮ್ಮೆ ತಾಟು ಎತ್ತಿಕೊಂಡು ಹೋದರಂತೆ. ಗಂಡ-ಹೆಂಡಿರ ಚೇಷ್ಟೆ ಅದು, ಅಲ್ಲಿಗೇ ಮುಗಿಯಬೇಕಿತ್ತು.

ಬಸಣ್ಣನಿಗೆ ಗಂಟಲ ಕೆಳಗೆ ರೋಗ ಬಂತು. ಅನ್ನ ಇಳಿಯುವುದು ಕಡಿಮೆಯಾದಂತೆ ಅವನು ಅನ್ನದ ಮಾತನ್ನೇ ಹೆಚ್ಚು ಆಡತೊಡಗಿದ. ಕಡೆಯ ವಾರಗಳಲ್ಲಿ ಕೇಳಿದ್ದು ಒಂದೇ: ಆ ಹೊಲದ ಪುಂಡಿಪಲ್ಲೆ. ವೈನಿ ಮಾಡಿ ಚಮಚದ ತುದಿಯಲ್ಲಿ ನಾಲಿಗೆಗೆ ಹಚ್ಚಿದರು. "ಇದಲ್ಲ" ಅಂದ. ಮರುದಿನ ನುಚ್ಚಿನ ಬದಲು ತೊಗರಿಬೇಳೆ ಹಾಕಿದರು. ಇದಲ್ಲ. ಮಣ್ಣಿನ ಗಡಿಗೆಯಲ್ಲಿ ಮಾಡಿದರು, ಕುಸುಬೆ ಎಣ್ಣೆಯ ಒಗ್ಗರಣೆ ಕೊಟ್ಟರು. ಸಿಟ್ಟಿಲ್ಲದೆ, ತಪ್ಪು ಬಾಗಿಲು ಬಡಿದವರಿಗೆ ಹೇಳುವ ಹಾಗೆ, "ಇದಲ್ಲ ಶಾಂತಾ" ಅನ್ನುತ್ತಿದ್ದ. ಯಾವ ಹೊಲ ಅಂತ ಹೇಳ್ರಿ ಎಂದರೆ, "ನಮ್ಮ ಹುಡುಗರಿಗೆ ಗೊತ್ತೈತಿ, ಕೇಳು" ಅಂದ. ನಾವೇ ಆ ಹುಡುಗರು.

ವೈನಿ ಮೂವರಿಗೂ ಫೋನು ಮಾಡಿದರು. ಅಣ್ಣಿಗೇರಿ ದಾಟಿದ ಮೇಲೆ ಬಲಕ್ಕೆ ಎಂದು ಶಿವಾನಂದ ಎದೆ ತಟ್ಟಿ ಹೇಳಿದ. ತಿರ್ಲಾಪುರದ ಹತ್ತಿರ ಎಂದು ಗೌತಮ. ನಾನು ಎಂದಿನಂತೆ, ಅಂಥ ಹೊಲ ಒಂದೇ ಇತ್ತು ಅನ್ನುವುದಕ್ಕೆ ಆಧಾರವಿಲ್ಲ ಎಂದೆ. ಶಿವಾನಂದ ಅಷ್ಟಕ್ಕೆ ಬಿಡದೆ ಕಲಘಟಗಿ ಹತ್ತಿರದ ದೇವಿಕೊಪ್ಪದ ತನ್ನ ಅತ್ತಿಗೆಯ ಕೈಲಿ ಪುಂಡಿಪಲ್ಲೆ ಮಾಡಿಸಿ, ಅದೇ ಹೊಲದ್ದು ಎಂದು ಸುಳ್ಳು ಹೇಳಿ ತಂದುಕೊಟ್ಟ. ಬಸಣ್ಣ ರುಚಿ ನೋಡಿ, ಕಣ್ಣು ಮುಚ್ಚಿ, "ಶಿವ್ಯಾ, ಇದು ಕಲಘಟಗಿ ಕಡೇದಲೇ" ಅಂದನಂತೆ. ಅದೇ ಅವನ ಕಡೆಯ ಚೇಷ್ಟೆ. ನಾವು ಹೊಲ ಹುಡುಕುವುದರೊಳಗೆ ಅವನು ಹೋದ.

ಹೋಗಿ ವರ್ಷವಾದ ಮೇಲೆ, ಈ ಸಲದ ಅಮಾವಾಸ್ಯೆಯ ಹಿಂದಿನ ದಿನ, ವೈನಿ ನಮ್ಮ ಮೂವರನ್ನೂ ಮನೆಗೆ ಕರೆಸಿದರು. "ನನ್ನ ಕರಕೊಂಡು ಹೋಗ್ರಿ. ಆಕಿ ಯಾರು, ಏನ ಹಾಕತಾಳ ಅಂತ ಕೇಳಬೇಕು. ಅಷ್ಟ ತಿಳದ್ರ ಸಾಕು."

"ವೈನಿ, ಔಷಧದಾಗ ನಾಲಿಗಿ ರುಚಿ ಸತ್ತಹೋಗಿರತೈತಿ. ನೀವು ಏನ ಮಾಡಿದ್ರೂ ಇದಲ್ಲ ಅಂತಿದ್ದ" ಎಂದೆ.

"ಅದು ನನಗೂ ಗೊತ್ತೈತ್ರಿ ಅಣ್ಣಾರ. ಆದರ ಮೊಸರು ಹುಳಿ ಆದ್ರ ಹುಳಿ ಆಗೇತಿ ಅಂತಿದ್ರಲ್ಲ?"

ನಾನು ಬೈಕಿನ ರಬ್ಬರ್ ಪಟ್ಟಿ ಗಟ್ಟಿಯಿದೆಯೇ ಎಂದು ನೋಡಲು ಎದ್ದೆ.

ಮರುದಿನ ಬೆಳಿಗ್ಗೆ ವೈನಿ ಗೌತಮನ ಹಿಂದೆ ಕೂತರು. ಶಿವಾನಂದ ವೇಗಕ್ಕೆ ಹೆಸರಾದವನು. ನಾನು ಪ್ರತಿ ಕ್ರಾಸಿನಲ್ಲೂ ನಿಂತು ಯೋಚಿಸುವವನು, ನನ್ನ ಹಿಂದೆ ಕೂತವರಿಗೆ ಊರು ಸಿಗುವುದಿಲ್ಲ. ಬುತ್ತಿ ನನ್ನ ಬೈಕಿನಲ್ಲಿತ್ತು. ಸೀಟಿ ಊದುವವರಿಲ್ಲದೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅಣ್ಣಿಗೇರಿಯವರೆಗೆ ಚಹಾ ಕೂಡ ಕುಡಿಯದೆ ಬಂದುಬಿಟ್ಟೆವು. ಅಮೃತೇಶ್ವರನ ಗುಡಿಯಲ್ಲಿ ಬಸಣ್ಣ ಪ್ರತಿವರ್ಷ ಕಂಬ ಎಣಿಸಿ ಪ್ರತಿವರ್ಷ ಬೇರೆ ಸಂಖ್ಯೆ ಹೇಳುತ್ತಿದ್ದ. ಈ ಸಲ ಯಾರೂ ಎಣಿಸಲಿಲ್ಲ. ವೈನಿ ನುಣುಪಾದ ಕಂಬವೊಂದಕ್ಕೆ ಬೆನ್ನು ಕೊಟ್ಟು ಕೂತು, "ಇಲ್ಲಿ ಕೂಡತಿದ್ರೇನ್ರಿ?" ಎಂದರು. ಶಿವಾನಂದ ಹೌದೆಂದ. ಅವನು ಯಾವುದಕ್ಕೆ ಇಲ್ಲ ಎಂದಿದ್ದಾನೆ?

ಅಣ್ಣಿಗೇರಿ ದಾಟಿ ಬಲಕ್ಕೆ ಅವನ ಹುಣಸೆಗಿಡ ಸಿಗಲಿಲ್ಲ. ಅಲ್ಲಿ ಪ್ಲಾಟು ಬಿದ್ದು, ಕಲ್ಲು ನೆಟ್ಟಿದ್ದರು. "ಇಲ್ಲೇ ಇತ್ತು, ನಿಮ್ಮಾಣಿ ಇಲ್ಲೇ ಇತ್ತು" ಎಂದು ಅವನು ಕಲ್ಲುಗಳ ನಡುವೆ ಅಡ್ಡಾಡಿದ. ವೈನಿ ಗಾಡಿಯಿಂದ ಇಳಿಯಲೂ ಇಲ್ಲ. ನವಲಗುಂದದಲ್ಲಿ ಗುಡ್ಡ ಹತ್ತಿದೆವು. ಮೇಲಿನಿಂದ ಕಾಣುವ ಹೊಲಗಳಲ್ಲೆಲ್ಲ ಗುಂಪುಗುಂಪಾಗಿ ಮಂದಿ, ಸೀರೆಗಳ ಬಣ್ಣದ ಚುಕ್ಕೆಗಳು. ಗಾಳಿಯಲ್ಲಿ ಕೂಗು ತೇಲಿಬರುತ್ತಿತ್ತು. ವೈನಿ ಬಹಳ ಹೊತ್ತು ನೋಡಿದರು.

"ಇಷ್ಟ ಹೊಲದಾಗ ಯಾವುದಂತ ಹುಡಕೂಣ್ರಿ" ಎಂದರು. ಆಮೇಲೆ, "ಕಡೀಕ ಒಂದಽ ಕೇಳಿದ್ರು ಅವರು. ಅದನ್ನೂ ನನ್ನ ಕೈಲೆ ಮಾಡಾಕ ಆಗಲಿಲ್ಲ" ಎಂದರು.

ನಾವು ಮೂವರೂ ಹೊಲಗಳನ್ನೇ ನೋಡಿದೆವು.

ತಿರ್ಲಾಪುರದ ದಾರಿಯಲ್ಲಿ ಗೌತಮ ಗಾಡಿ ನಿಧಾನ ಮಾಡಿದ. ಹೊಲದ ನಡುವೆ ಒಂದು ಹುಣಸೆಗಿಡ. ನಾವು ನಿಂತದ್ದೇ ತಡ, ಕಡಲೆ ಬೆಳೆಯ ಆಚೆಯಿಂದ ಹೆಣ್ಣುಮಗಳೊಬ್ಬಳು ಕೈ ಬೀಸಿದಳು. "ಬರ್ರೀ, ಬರ್ರೀ, ಉಂಡ ಹೋಗ್ರಿ! ಯಾವೂರವರು?"

"ಧಾರವಾಡದವರವಾ" ಎಂದು ಕೂಗಿದ ಶಿವಾನಂದ.

"ಧಾರವಾಡದಾಗ ಊಟ ಸಿಗಲಿಲ್ಲೇನ್ರಿ ಪಾಪ!" ಆ ಕಡೆಯಿಂದ ಹಲವರು ನಕ್ಕರು.

ಅವಳ ಹೆಸರು ರೇಣವ್ವ. ಗಂಡ, ಅತ್ತೆ, ಬೀಗರು ಎಲ್ಲ ಸೇರಿ ಗಿಡದ ಕೆಳಗೆ ಜಮಖಾನೆ ಹಾಸಿದ್ದರು. ಸುಣ್ಣ ಹಚ್ಚಿ ಸಾಲಾಗಿ ಇಟ್ಟ ಪಾಂಡವರ ಕಲ್ಲುಗಳಿಗೆ ಪೂಜೆ ಆಗುತ್ತಿತ್ತು. ರೇಣವ್ವನ ಅತ್ತೆ ಕುಂಕುಮದ ಬಟ್ಟಲು ಹಿಡಿದು ವೈನಿಯ ಹಣೆ ನೋಡಿ ತಡೆದರು. "ನನಗ ಹೂವು ಕೊಡ್ರಿ ಅಮ್ಮಾ, ಸಾಕು" ಎಂದು ವೈನಿಯೇ ಕೈ ಚಾಚಿ, ಆ ಮುದುಕಿಯ ಜೊತೆ ಕಲ್ಲುಗಳ ಹತ್ತಿರ ಕೂತರು. ಈ ಕಡೆ ಗೌತಮ ಸದ್ದಿಲ್ಲದೆ ನನ್ನ ಬೈಕಿನಿಂದ ಡಬ್ಬಿಗಳನ್ನು ಬಿಚ್ಚಿ ತಂದು, ಅಲ್ಲಿದ್ದ ಬೋಗುಣಿಗಳಿಗೆ ಸುರಿದ. ಯಾರೂ ಅವನ ಮನೆತನ ಕೇಳಿರಲಿಲ್ಲ. ನಿಯಮ ಮಾಡಿದವನಿಲ್ಲದಿದ್ದರೂ ಅವನು ಅದನ್ನು ನಡೆಸಿದ.

ವೈನಿ ಬಂದರು. ತಾಟುಗಳು ಬಂದವು. ರೊಟ್ಟಿ ಮುರಿದು ಶಿವಾನಂದ ಒಂದು ತುತ್ತು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ. ಕಣ್ಣು ತುಂಬಿಬಂದವು.

"ವೈನಿ... ಇದಽ ನೋಡ್ರಿ. ಇದಽ ಆ ಪುಂಡಿಪಲ್ಲೆ. ಬಸ್ಯಾನ ಆಣಿ, ಇದಽ!"

ಗೌತಮ ರುಚಿ ನೋಡಿ ಗೋಣು ಹಾಕಿದ. ನಾನೂ ತಿಂದೆ. ಹಿಂದೆಂದೋ, ಇಂಥ ಬಿಸಿಲಲ್ಲಿ, ಬಸಣ್ಣ ಪಕ್ಕದಲ್ಲಿ ಬೆರಳು ನೆಕ್ಕುತ್ತ ಕೂತಾಗ ತಿಂದ ರುಚಿಯೇ ಅನ್ನಿಸಿತು, ಅನ್ನಿಸಿದ್ದಕ್ಕೇ ಹೆದರಿದೆ. ವೈನಿ ತಮ್ಮ ತಾಟು ಮುಟ್ಟಲಿಲ್ಲ. ರೇಣವ್ವನ ಕೈ ಹಿಡಿದುಕೊಂಡರು.

"ತಂಗಿ, ಈ ಪುಂಡಿಪಲ್ಲೆ ಹೆಂಗ ಮಾಡಿದಿ? ಏನೇನ ಹಾಕೀದಿ ಹೇಳವಾ."

ರೇಣವ್ವ ನಮ್ಮ ಮುಖಗಳನ್ನೆಲ್ಲ ನೋಡಿದಳು. "ನಾವು ಈ ವರ್ಷ ಪುಂಡಿಪಲ್ಲೆ ಮಾಡಿಲ್ಲಲ್ರಿ ಅಕ್ಕಾರ. ಇದು ನಿಮ್ಮ ಬುತ್ತೀದು. ಈ ಅಣ್ಣಾರು ಈಗರ ಸುರದ್ರಲ್ಲ?"

ಹುಣಸೆಗಿಡದಲ್ಲಿ ಗಿಳಿಗಳು ಕಿರುಚುತ್ತಿದ್ದವು. ಶಿವಾನಂದ ತುತ್ತನ್ನು ಕೈಯಲ್ಲೇ ಹಿಡಿದು, "ವೈನಿ, ನೀವು ಆವಾಗೂ ಬುತ್ಯಾಗ ಪುಂಡಿಪಲ್ಲೆ ಕಟ್ಟತಿದ್ರೇನ್ರಿ?" ಎಂದು ಕೇಳಿದ.

"ಕಟ್ಟದಽ ಬಿಟ್ಟದ್ದ ಯಾವ ವರ್ಷ?" ಎಂದರು ವೈನಿ.

ಗೌತಮ ಆಗ ಎಲ್ಲವನ್ನೂ ಹೇಳಿದ. ಆ ಅಜ್ಜನ ಹೊಲ, ಬಸಣ್ಣ ಡಬ್ಬಿ ಬಿಚ್ಚಿದ್ದು, ಅಂದಿನಿಂದ ಯಾರ ಅಡುಗೆ ಯಾವುದೆಂದು ತಿಳಿಯದ ಹಾಗೆ ಕೂಡಿಸಿ ಉಂಡದ್ದು. ಅವನು ಒಮ್ಮೆಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿಲ್ಲ. "ನನ್ನ ಸಲುವಾಗಿ ಮಾಡಿದ್ದು ವೈನಿ" ಎಂದು ಮುಗಿಸಿದ. ಅಷ್ಟು ವರ್ಷ ಪುರಾವೆ ಪುರಾವೆ ಎಂದ ನನಗೆ, ಪಾತ್ರೆಗೆ ಸುರಿದದ್ದನ್ನು ಕಣ್ಣಾರೆ ಕಂಡಿದ್ದರೂ ಇದು ಹೊಳೆದಿರಲಿಲ್ಲ.

ವೈನಿ ನನ್ನ ಕಡೆ ತಿರುಗಿದರು. "ಅಣ್ಣಾರ, ಇವರಿಬ್ಬರೂ ನನ್ನ ಸಮಾಧಾನಕ್ಕ ಹೂಂ ಅಂತಾರ. ನೀವು ಹೇಳ್ರಿ. ಅವತ್ತ ಅವರು ತಿಂದದ್ದು ನನ್ನ ಕೈದೇನು?"

ನನಗೆ ಗೊತ್ತಿರಲಿಲ್ಲ. ಆ ವರ್ಷ ಆ ಹೊಲದವರೂ ಪುಂಡಿಪಲ್ಲೆ ಮಾಡಿರಬಹುದು, ಎರಡೂ ಬೆರೆತಿರಬಹುದು. ಆ ಹೊಲ ಇದೇ ಎಂದಾದರೂ ಹೇಳುವವರಾರು? ಇವತ್ತಿನ ಶಿವಾನಂದನ ನಾಲಿಗೆ ಅವತ್ತಿನ ಬಸಣ್ಣನ ನಾಲಿಗೆಗೆ ಸಾಕ್ಷಿಯಾಗುವುದಿಲ್ಲ. ಇಷ್ಟನ್ನೂ ಯೋಚಿಸಿ, "ಹೌದ್ರಿ ವೈನಿ, ನಿಮ್ಮದಽ. ನನಗ ಪಕ್ಕಾ ನೆನಪೈತಿ" ಎಂದೆ.

ವಿಚಿತ್ರವೆಂದರೆ ಈಗ ನನಗೆ ಅದು ನಿಜವಾಗಿಯೂ ನೆನಪಿದೆ. ಬಸಣ್ಣ ಡಬ್ಬಿಯ ಮುಚ್ಚಳ ತೆಗೆದದ್ದು, ಬಗ್ಗಿಸಿ ಬೆರಳಿಂದ ಬಳಿದದ್ದು, ಮುಚ್ಚಳದ ಅಂಚಿನಲ್ಲಿ ಕೆಂಪು ಎಣ್ಣೆ. ಆ ಮಾತು ಹೇಳುವ ಮುಂಚೆ ಈ ಚಿತ್ರ ನನ್ನಲ್ಲಿರಲಿಲ್ಲ ಎಂದು ಬಲ್ಲೆ. ಆದರೂ ದಿನದಿಂದ ದಿನಕ್ಕೆ ಅದು ನಿಚ್ಚಳವಾಗುತ್ತಿ‌ದೆ.

ಆ ಹೊತ್ತಿಗೆ ಮಾತ್ರ ಅವರ ಎದೆಯ ಭಾರ ಇಳಿಸಿದೆ ಎಂದುಕೊಂಡಿದ್ದೆ. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ, ಯಾರಿಗೂ ಅಲ್ಲ ಎಂಬಂತೆ, "ಹಂಗಾರ ಕಡೀಕ ನನ್ನ ಕೈ ಗುರ್ತಽ ಸಿಗಲಿಲ್ಲ ಅವರಿಗೆ" ಎಂದರು.

ರೇಣವ್ವನಿಗೆ ಪೂರ್ತಿ ತಿಳಿಯಿತೋ ಇಲ್ಲವೋ. ಅವಳು ಸರಿದು ಬಂದು ವೈನಿಯ ಪಕ್ಕ ಮೊಣಕಾಲು ಹಚ್ಚಿ ಕೂತಳು, ತಾಟಿನಲ್ಲಿದ್ದ ರೊಟ್ಟಿಯನ್ನು ತಾನೇ ಮುರಿದು, ಪಲ್ಲೆ ಹಚ್ಚಿ, ಅವರ ಕೈಗೆ ಕೊಟ್ಟಳು. ಬಸಣ್ಣ ಹೋದಮೇಲೆ ವೈನಿ ಪುಂಡಿಪಲ್ಲೆ ಬಾಯಿಗೆ ಇಟ್ಟಿರಲಿಲ್ಲ; ಮಾಡುತ್ತಿದ್ದರು, ಬಡಿಸುತ್ತಿದ್ದರು, ಅಷ್ಟೇ. ಈಗ ತಿಂದರು. ನಿಧಾನವಾಗಿ, ಬೇರೆ ಮನೆಯ ಅಡುಗೆಯ ರುಚಿ ನೋಡುವವರ ಹಾಗೆ.

"ಉಪ್ಪು ಒಂಚೂರ ಕಮ್ಮಿ ಆಗೇತಿ" ಎಂದರು.

ರೇಣವ್ವ ಉಪ್ಪಿನ ಬಟ್ಟಲು ಮುಂದೆ ತಂದಳು. ವೈನಿ ಅವಳ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಬ್ಯಾಡ ತಂಗಿ. ಅವರು ಹಿಂಗಽ ತಿಂದಿದ್ರು."